ಬೆಕ್ಕಿನ ಮರಿಗೆ ಭೇದಿಯೇ? ಮೊದಲು ಹಾಲಿನ ಬಟ್ಟಲು ತೆಗೆಯಿರಿ

ಶೇಂಗಾ, ಮೆಕ್ಕೆಜೋಳ ಮನೆಗೆ ಬಂದು ಬಿದ್ದ ಮೇಲೆ ಐಮಂಗಲದ ಕಡೆ ಇಲಿ ಕಾಟ ಶುರು. ಪಾಷಾಣ ಇಡಲು ಮನಸ್ಸಿಲ್ಲದ ನಮ್ಮಂಥ ಸಾವಯವದವರಿಗೆ ಬೆಕ್ಕೇ ಗತಿ. ಹಾಗಾಗಿ ಯಾರದೋ ತೋಟದಿಂದ ಅಂಗೈಯಷ್ಟು ಮರಿಯೊಂದನ್ನು ಚೀಲದಲ್ಲಿ ಹಾಕಿಕೊಂಡು ಬರ್ತೀವಿ. ನಾಲ್ಕು ದಿನ ಕಳೆಯೋದ್ರೊಳಗೆ ಅದಕ್ಕೆ ಹೊಟ್ಟೆ ಕೆಟ್ಟು, ಹಿಂಭಾಗವೆಲ್ಲ ಅಂಟಂಟಾಗಿ, ಮೂಲೆ ಹಿಡಿದು ಕೂತಿರುತ್ತೆ. "ಬೆಕ್ಕು ತಾನೆ, ತಾನಾಗೇ ಸರಿಹೋಗುತ್ತೆ ಬಿಡು" ಅಂತ ಎರಡು ದಿನ ಬಿಟ್ಟರೆ ಮೂರನೇ ದಿನ ಮರಿ ಉಳಿಯೋದು ಕಷ್ಟ. ಅರ್ಧ ಕಿಲೋ ಜೀವದೊಳಗೆ ನೀರು ಎಷ್ಟಿರುತ್ತೆ, ನೀವೇ ಲೆಕ್ಕ ಹಾಕಿ. ಎಷ್ಟೋ ಸಲ ಮರಿಯನ್ನು ಕೊಲ್ಲೋದು ರೋಗಕ್ಕಿಂತ ಹೆಚ್ಚಾಗಿ ಮೈಯ ನೀರು ಖಾಲಿಯಾಗೋದು.

ಮೊದಲ ಅನುಮಾನ ಹಸುವಿನ ಹಾಲಿನ ಮೇಲೆ ಬರಲಿ. ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಇದೆ. ಹಸುವಿನ ಹಾಲಿನಲ್ಲಿರುವಷ್ಟು ಲ್ಯಾಕ್ಟೋಸ್ ಅರಗಿಸೋ ಶಕ್ತಿ ಬೆಕ್ಕಿನ ಮರಿಗೆ ಇರಲ್ಲ, ಬೆಳೀತಾ ಬೆಳೀತಾ ಅದು ಇನ್ನೂ ಕಡಿಮೆಯಾಗುತ್ತೆ. ಅರಗದ ಸಕ್ಕರೆ ಕರುಳಿಗೆ ನೀರು ಎಳೆದುಕೊಂಡು ಭೇದಿ ಮಾಡಿಸುತ್ತೆ. ಮೇಕೆ ಹಾಲಾದರೆ ಪರವಾಗಿಲ್ಲ ಅನ್ನೋರಿದ್ದಾರೆ, ಅದರಲ್ಲೂ ಲ್ಯಾಕ್ಟೋಸ್ ಇದ್ದೇ ಇದೆ. ನೀರು ಬೆರೆಸಿದರೆ ಸಕ್ಕರೆ ಜೊತೆ ಪೋಷಣೆಯೂ ತೆಳುವಾಗುತ್ತೆ, ಅಷ್ಟೆ.

ಹಾಗಾದರೆ ಏನು ಕೊಡಬೇಕು? ಬಾಯಿ ತೆಗೆದು ಹಲ್ಲು ನೋಡಿ. ಮುಂದಿನ ಪುಟ್ಟ ಹಲ್ಲು ಈಗಷ್ಟೇ ಮೂಡ್ತಿದ್ದರೆ ಮರಿಗೆ 3ರಿಂದ 4 ವಾರ. ಅದಕ್ಕಿಂತ ಚಿಕ್ಕದಾದರೆ, ತಾಯಿ ಎಲ್ಲಿದೆ ಅಂತ ಗೊತ್ತಿದ್ದರೆ, ವಾಪಸ್ ಬಿಟ್ಟು ಬನ್ನಿ. 8 ವಾರ ತುಂಬೋವರೆಗೆ ತಾಯಿಯಿಂದ ಬಿಡಿಸದಿರೋದೇ ಒಳ್ಳೇದು. ತಾಯಿ ಇಲ್ಲವಾದರೆ ಬೆಕ್ಕಿನ ಮರಿಗೆಂದೇ ಬರೋ ಹಾಲಿನ ಪುಡಿ ತರಿಸಿ, ಆನ್‌ಲೈನ್‌ನಲ್ಲೂ ಸಿಗುತ್ತೆ. ಉಗುರುಬೆಚ್ಚಗೆ ಕಲಸಿ, ಮರಿಯನ್ನು ಹೊಟ್ಟೆ ಕೆಳಗಾಗಿ ಕೂರಿಸಿಕೊಂಡು, ಸೂಜಿ ತೆಗೆದ ಸಿರಿಂಜಿನಲ್ಲಿ ಹನಿಹನಿಯಾಗಿ ಕೊಡಿ. ಮಗುವಿನ ಥರ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತೆ. ಮೈ ತಣ್ಣಗಿರೋ ಮರಿಗೆ ಹಾಲು ಹಾಕಲೇಬೇಡಿ, ಅರಗಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಮೈ ಬೆಚ್ಚಗಾದ ಮೇಲೆ ಕೊಡಿ. ಇಷ್ಟು ಚಿಕ್ಕ ಮರಿ ತಾನಾಗಿ ಉಚ್ಚೆ, ಕಕ್ಕ ಮಾಡಲ್ಲ. ತಾಯಿ ನೆಕ್ಕಿ ಮಾಡಿಸುತ್ತೆ. ಆ ಕೆಲಸ ನೀವು ಹಾಲು ಕೊಟ್ಟಾಗಲೆಲ್ಲ ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿ ಮಾಡಿಸಬೇಕು.

4 ವಾರ ದಾಟಿದ್ದರೆ ಉಪ್ಪು-ಖಾರ ಇಲ್ಲದೆ ಬೇಯಿಸಿದ ಕೋಳಿ ಮಾಂಸವನ್ನು ನುಣ್ಣಗೆ ಮಾಡಿ, ಅಥವಾ ಬೇಯಿಸಿದ ಮೊಟ್ಟೆ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪ. ಕುಡಿಯಲು ನೀರು. ಬರೀ ಅನ್ನ-ಮೊಸರಿನಲ್ಲಿ ಬೆಕ್ಕು ಬೆಳೆಯಲ್ಲ, ಅದು ಮಾಂಸಾಹಾರಿ. ನಮ್ಮದು ಈರುಳ್ಳಿ ಜಿಲ್ಲೆ, ಮನೆಯ ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ದಿನವಿಲ್ಲ. ಇವೆರಡೂ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ಸಾರನ್ನ ಹಾಕೋ ಅಭ್ಯಾಸ ಬಿಡಿ.

ಹಾಲು ನಿಲ್ಲಿಸಿದರೂ ಭೇದಿ ನಿಲ್ಲದಿದ್ದರೆ?

ಮುಂದಿನ ಅನುಮಾನ ಜಂತುಹುಳು. ದುಂಡುಹುಳು ತಾಯಿಯ ಹಾಲಿನಲ್ಲೇ ಮರಿಗೆ ಬರುತ್ತೆ, ಹಾಗಾಗಿ ಮನೆಯೊಳಗೇ ಹುಟ್ಟಿದ ಮರಿಗೂ ಹುಳು ಇರಬಹುದು. ಬೆನ್ನಮೂಳೆ ಕಾಣ್ತಿದ್ದು ಹೊಟ್ಟೆ ಮಾತ್ರ ಗಡಿಗೆಯಾಗಿದ್ದರೆ ಬಹುತೇಕ ಅದೇ. ಪೈರಾಂಟೆಲ್ ಅನ್ನೋ ಔಷಧಿಯನ್ನು 2-3 ವಾರದ ಮರಿಯಿಂದಲೇ, ಎರಡು ವಾರಕ್ಕೊಮ್ಮೆ ಕೊಡ್ತಾರೆ. ಪ್ರಮಾಣ ತೂಕದ ಮೇಲೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಪಶುವೈದ್ಯರಿಗೆ ತೂಕ ಹೇಳಿ ಕೇಳಿ. ಕುರಿಗೆ ಕುಡಿಸೋ ಔಷಧಿಯನ್ನು ಅಂದಾಜಿಗೆ ಎರಡು ಹನಿ ಹಾಕೋದು ಬೇಡ. ಮಲದಲ್ಲಿ ಅಕ್ಕಿಕಾಳಿನಂಥ ಚೂರು ಕಂಡರೆ ಅದು ಲಾಡಿಹುಳು, ಸಾಮಾನ್ಯವಾಗಿ ಚಿಗಟದಿಂದ ಬರುತ್ತೆ.

ಕಾಯದೆ ಹೊರಡಬೇಕಾದ ಲಕ್ಷಣಗಳೂ ಇವೆ: ಮಲದಲ್ಲಿ ರಕ್ತ, ವಾಂತಿ, ಒಸಡು ಒಣಗಿ ಬೆರಳಿಗೆ ಅಂಟೋದು ಅಥವಾ ಬೆಳ್ಳಗಾಗೋದು, ಮೈ ತಣ್ಣಗಾಗೋದು, ಅರ್ಧ ದಿನ ಏನೂ ತಿನ್ನದಿರೋದು. ವಾಂತಿ, ಭೇದಿ, ಜ್ವರ ಒಟ್ಟಿಗೆ ಬಂದರೆ ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ಇರಬಹುದು. ಅದಕ್ಕೆ ಮನೆಮದ್ದು ಇಲ್ಲ. 6-8 ವಾರದಿಂದ ಹಾಕಿಸೋ ಲಸಿಕೆಯೇ ರಕ್ಷಣೆ. ಮಲದ ಫೋಟೊ, ಮರಿಯ ವಿಡಿಯೊ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ, ವೈದ್ಯರಿಗೆ ಅರ್ಧ ಉತ್ತರ ಅದರಲ್ಲೇ ಸಿಗುತ್ತೆ. ಹತ್ತಿರದ ಪಶು ಆಸ್ಪತ್ರೆ ಮುಚ್ಚಿದ್ದರೆ 1962ಕ್ಕೆ ಫೋನ್ ಮಾಡಿ ವಿಚಾರಿಸಿ, ಇಲ್ಲವೇ ಹೆದ್ದಾರಿ ಹಿಡಿದು ಹಿರಿಯೂರಿಗೋ ದುರ್ಗಕ್ಕೋ ಹೊರಡಿ. ಮನುಷ್ಯರ ಮಾತ್ರೆ ಮಾತ್ರ ಬೇಡ. ಪ್ಯಾರಾಸಿಟಮಾಲ್ ಒಂದು ಚೂರು ಸಾಕು, ಬೆಕ್ಕು ಸಾಯಲು.

ಶುಚಿ: ನೀರೂ ಬೇಡ, ಫಿನಾಯಿಲೂ ಬೇಡ

ಗಲೀಜಾಗಿದೆ ಅಂತ ಮರಿಗೆ ಸ್ನಾನ ಮಾಡಿಸಬೇಡಿ, ಚಳಿ ಹಿಡಿದು ಕುಸಿಯುತ್ತೆ. ಬೆಚ್ಚನೆ ನೀರಲ್ಲಿ ಹಿಂಡಿದ ಬಟ್ಟೆಯಿಂದ ಹಿಂಭಾಗ ಮಾತ್ರ ಒರೆಸಿ, ತಕ್ಷಣ ಒಣಗಿಸಿ. ಚಿಗಟಕ್ಕೆ ಹೇನಿನ ಬಾಚಣಿಗೆ ಸಾಕು: ಬಾಚಿ, ಸೋಪಿನ ನೀರಿಗೆ ಅದ್ದಿ. ದನದ ಉಣ್ಣೆಗೆ ಹಾಕೋ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಬೆಕ್ಕಿಗೆ ವಿಷ. ನಮ್ಮ ಪ್ರೀತಿಯ ಬೇವಿನೆಣ್ಣೆಯೂ ಬೇಡ, ಮೈ ನೆಕ್ಕಿಕೊಳ್ಳೋ ಪ್ರಾಣಿ ಅದು. ಗಲೀಜಾದ ನೆಲಕ್ಕೆ ಫಿನಾಯಿಲ್ ಸುರಿದರೆ ಅದು ಪಾದಕ್ಕೆ ಅಂಟಿ ಬಾಯಿಗೆ ಹೋಗುತ್ತೆ. ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ 10 ನಿಮಿಷ ಬಿಟ್ಟು, ಮತ್ತೆ ತೊಳೆದು ಒಣಗಿಸಿ. ಒಣಗೋವರೆಗೆ ಮರಿ ಅತ್ತ ಸುಳಿಯದಿರಲಿ.

ಮರಿಗೆ ಒಂದು ಗಡಿ ಗೊತ್ತು ಮಾಡಿಕೊಡಿ. ತಗ್ಗಾದ ಟ್ರೇಯಲ್ಲಿ ಮರಳು ಅಥವಾ ಒಣ ತೆಂಗಿನನಾರಿನ ಪುಡಿ ಹಾಕಿ, ಉಂಡ ಕೂಡಲೇ ಅದರಲ್ಲಿ ಬಿಟ್ಟರೆ ಕೆಲವೇ ದಿನದಲ್ಲಿ ಕಲಿಯುತ್ತೆ. ಕಲಿಯದಿದ್ದರೆ ನಿಮ್ಮ ಕೊತ್ತಂಬರಿ ಮಡಿಯೇ ಅದರ ಟ್ರೇ!

ಇದು ತಮಾಷೆ ಅಲ್ಲ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು. ಹೊರಬಿದ್ದ 1ರಿಂದ 5 ದಿನದಲ್ಲಿ ಅದು ಸೋಂಕು ತಗಲಿಸೋ ಸ್ಥಿತಿಗೆ ಬರುತ್ತೆ, ಆದ್ದರಿಂದ ಟ್ರೇ ದಿನಾ ಖಾಲಿ ಮಾಡಬೇಕು. ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಬದುಕಬಲ್ಲದು. ದನದ ಸಗಣಿ ಹಾಕೋ ತಿಪ್ಪೆಗೆ, ಎರೆಗೊಬ್ಬರದ ತೊಟ್ಟಿಗೆ ಬೆಕ್ಕಿನ ಮಲ ಸೇರಬಾರದು, ನಮ್ಮ ತಿಪ್ಪೆಗಳಲ್ಲಿ ಅದನ್ನು ಸಾಯಿಸುವಷ್ಟು ಬಿಸಿ ಎಲ್ಲ ಕಡೆ ಸಮನಾಗಿ ಏರಲ್ಲ. ತರಕಾರಿ ಮಡಿಯಿಂದ, ಬಾವಿಯಿಂದ ದೂರ ಆಳವಾಗಿ ಹೂಳಿ. ಬಸುರಿ ಹೆಂಗಸರು ಈ ಕೆಲಸ ಮಾಡೋದು ಬೇಡ, ಗರ್ಭದ ಮಗುವಿಗೆ ಅಪಾಯ. ಕುರಿ-ಮೇಕೆ ಕಂದು ಹಾಕಲು ಇದೂ ಒಂದು ಕಾರಣ. ಹಾಗಾಗಿ ಬೆಕ್ಕಿರೋ ಮನೆಯಲ್ಲಿ ಕುರಿಗೆ ಹಾಕೋ ಶೇಂಗಾ ಹೊಟ್ಟು, ಹಿಂಡಿ ಚೀಲಗಳಿಗೆ ಇವತ್ತೇ ಒಂದು ತಾಡಪಾಲು ಮುಚ್ಚಿಬಿಡಿ.