ನಿಮಗಿದು ಗೊತ್ತೆ? ಗಿಡುಗನ ದನಿಯಲ್ಲಿ ಬೆದರಿಸುವ ಕಾಜಾಣ

ಬೇರೆ ಹಕ್ಕಿಗಳ ಕೂಗನ್ನು ಅಣಕಿಸಿ ಹಾಡುವ ಮಾಕಿಂಗ್‌ಬರ್ಡ್ ಅಮೆರಿಕ ಖಂಡಗಳದ್ದು. ನಮ್ಮಲ್ಲಿ ಅದಿಲ್ಲ. ಆದರೆ ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ, ಕೆ.ಆರ್. ಪೇಟೆ, ನಾಗಮಂಗಲದ ರಾಗಿ ಹೊಲಗಳಲ್ಲಿ ಕರೆಂಟು ತಂತಿಯ ಮೇಲೆ ಕೂರುವ ಕಾಜಾಣವೂ ಕಡಿಮೆಯೇನಲ್ಲ.

ಉದ್ದ ಸುಮಾರು 30 ಸೆಂ.ಮೀ. ಮಿರುಗುವ ಕಪ್ಪು ಮೈ, ತುದಿಯಲ್ಲಿ ಕವಲೊಡೆದ ಬಾಲ. ಹತ್ತಿರದಿಂದ ನೋಡಿದರೆ ಕೊಕ್ಕಿನ ಬುಡದಲ್ಲಿ ಪುಟ್ಟ ಬಿಳಿ ಚುಕ್ಕೆ ಕಾಣುತ್ತದೆ. ಚಳಿಗಾಲದಲ್ಲಿ ವಲಸೆ ಬರುವ ಬೂದು ಕಾಜಾಣಕ್ಕೆ ಕೆಂಪು ಕಣ್ಣು, ಗುರುತಿಸುವುದು ಸುಲಭ.

ಕಾಜಾಣ ಶಿಕ್ರಾ ಗಿಡುಗನ ಕೂಗನ್ನು ಅನುಕರಿಸುತ್ತದೆ. ಹುಳ ಹಿಡಿದ ಮೈನಾಗಳು ಗಿಡುಗ ಬಂತೆಂದು ಹಾರಿದರೆ ಬಿಟ್ಟುಹೋದ ಹುಳ ಇದರ ಪಾಲು. ಕಳ್ಳತನವೇ, ಆದರೆ ಬುದ್ಧಿವಂತ ಕಳ್ಳತನ! ಧೈರ್ಯವೂ ಅಷ್ಟೇ: ಗೂಡಿನ ಬಳಿ ಸುಳಿದರೆ ಕಾಗೆ, ಹದ್ದುಗಳನ್ನೂ ಅಟ್ಟಿಸಿಕೊಂಡು ಹೋಗಿ ಕುಕ್ಕುತ್ತದೆ. ಈ ಕಾವಲಿನ ಆಸರೆಯಲ್ಲಿ ಹೊನ್ನಕ್ಕಿ, ಪಾರಿವಾಳದ ಜಾತಿಯ ಬೆಳವಗಳು ಅದೇ ಮರದಲ್ಲಿ ಗೂಡು ಕಟ್ಟುವುದುಂಟು. ಬೆಳಗಿನ ಜಾವ, ಬೆಳಕು ಹರಿಯುವ ಮುನ್ನವೇ ಕೂಗಲು ಶುರುಮಾಡುವ ಹಕ್ಕಿಗಳಲ್ಲಿ ಇದೂ ಒಂದು.

ಅನುಕರಣೆಯಲ್ಲಿ ಇದನ್ನೂ ಮೀರಿಸುವ ನೆಂಟ ಪಶ್ಚಿಮ ಘಟ್ಟದ ಕಾಡುಗಳಲ್ಲಿದ್ದಾನೆ, ಬಾಲದಲ್ಲಿ ಎರಡು ಉದ್ದ ಗರಿ ತೂಗಿಸುವ ಭೀಮರಾಜ.

ಉಳುವಾಗ ಏಳುವ ಮಿಡತೆ, ಹುಳುಗಳೇ ಕಾಜಾಣದ ಊಟ. ಹೊಲದಲ್ಲಿ ಅಲ್ಲಲ್ಲಿ ಅಡ್ಡಕಡ್ಡಿ ಕಟ್ಟಿದ ಗೂಟ ನೆಡಿ, ಕೂತು ಬೇಟೆಯಾಡಲು ಅದಕ್ಕೆ ಅಷ್ಟು ಸಾಕು.