ಹಲ್ಲು ಬೆಳೆದ ಮೊಲಕ್ಕೆ ಮೇವು



ಮೊಲ ಸಾಕುವ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ. “ತಟ್ಟೆ ತುಂಬ ಮೇವು ಹಾಕಿದ್ದೇವೆ. ಮೂಸಿ ನೋಡುತ್ತದೆ, ಬಾಯಿಗೂ ತೆಗೆದುಕೊಳ್ಳುತ್ತದೆ, ಆಮೇಲೆ ಕೆಳಗೆ ಬಿಟ್ಟುಬಿಡುತ್ತದೆ. ದಿನದಿಂದ ದಿನಕ್ಕೆ ಸೊರಗುತ್ತಿದೆ.” ಇಂಥ ಮಾತು ಕೇಳಿದ ಕೂಡಲೇ ಒಬ್ಬರು ದೃಷ್ಟಿ ತಾಗಿದೆ ಎನ್ನುತ್ತಾರೆ, ಇನ್ನೊಬ್ಬರು ಹೊಟ್ಟೆಹುಳದ ಔಷಧಿ ಹೇಳುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಬಾಯಿ. ಹಸಿವೂ ಇದೆ, ಮೇವೂ ಇದೆ, ತಿನ್ನಲು ಹಲ್ಲು ಬಿಡುತ್ತಿಲ್ಲ.

ನಮ್ಮ ಬೆಟ್ಟದ ಸೀಮೆಯಲ್ಲಿ ಸಾಕುವ ಬೂದು ಬಣ್ಣದ ದೊಡ್ಡ ಮೊಲಕ್ಕೆ ಸೋವಿಯತ್ ಚಿಂಚಿಲ್ಲ ಎಂದು ಹೆಸರು. ರಾಜಸ್ಥಾನದ ಅವಿಕಾನಗರದಲ್ಲಿ 1962ರಲ್ಲಿ ಆರಂಭವಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಗೆ ನಮ್ಮ ದಿಂಡಿಗಲ್ ಜಿಲ್ಲೆಯಲ್ಲೇ ಒಂದು ಕೇಂದ್ರವಿದೆ, ಕೊಡೈಕಾನಲ್ ಮೇಲಿನ ಮನ್ನವನೂರಿನಲ್ಲಿ. ಕುರಿಗಳ ಜೊತೆಗೆ ಈ ತಳಿಯನ್ನೂ, ವೈಟ್ ಜೈಂಟ್ ಎಂಬ ಬಿಳಿ ತಳಿಯನ್ನೂ ಅಲ್ಲಿ ಸಾಕಿದ್ದಾರೆ. ನಿಜವಾದ ಚಿಂಚಿಲ್ಲ ಬೇರೆಯೇ ಪ್ರಾಣಿ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ್ದು, ಇಲಿ ಅಳಿಲುಗಳ ಬಳಗಕ್ಕೆ ಸೇರಿದ್ದು. ಅದರ ತುಪ್ಪಳದ ಬಣ್ಣವನ್ನು ಹೋಲುವುದರಿಂದ ಮೊಲಕ್ಕೂ ಆ ಹೆಸರು ಬಂತು. ಕಷ್ಟದಲ್ಲೂ ಇವೆರಡಕ್ಕೆ ಹೋಲಿಕೆಯಿದೆ. ಎರಡಕ್ಕೂ ಹಲ್ಲು ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತದೆ.

ಮೊಲದ ಬಾಯಲ್ಲಿ 28 ಹಲ್ಲುಗಳಿವೆ. ಮುಂದೆ ಮೇಲ್ಗಡೆ ಎರಡು ಬಾಚಿಹಲ್ಲು, ಅವುಗಳ ಬೆನ್ನಿಗೆ ಅಂಟಿದಂತೆ ಮೊಳೆಯಂಥ ಎರಡು ಚಿಕ್ಕ ಹಲ್ಲು, ಕೆಳಗಡೆ ಎರಡು. ಉಳಿದ 22 ಒಳಗಿನ ದವಡೆ ಹಲ್ಲುಗಳು. ಬಾಚಿಹಲ್ಲು ವಾರಕ್ಕೆ ಸುಮಾರು 2ರಿಂದ 3 ಮಿಲಿಮೀಟರ್ ಬೆಳೆಯುತ್ತದೆ. ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ತಾಗುತ್ತಿದ್ದರೆ ಬೆಳೆದಷ್ಟೂ ಸವೆಯುತ್ತದೆ. ತಾಗದಿದ್ದರೆ ಕೆಳಗಿನದು ಮೂಗಿನ ಕಡೆಗೆ ಚಾಚುತ್ತದೆ, ಮೇಲಿನದು ಟಗರಿನ ಕೊಂಬಿನಂತೆ ಒಳಕ್ಕೆ ಸುರುಳಿ ಸುತ್ತುತ್ತದೆ.

ಇದು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಒಳಗಿನ ದವಡೆ ಹಲ್ಲಿನದು, ಕೆಟ್ಟದ್ದೂ ಅದೇ. ಅಲ್ಲಿ ಹಲ್ಲಿನ ಅಂಚು ಮುಳ್ಳಿನಂತೆ ಬೆಳೆದು ನಾಲಗೆಯನ್ನೋ ಕೆನ್ನೆಯನ್ನೋ ಕೊರೆಯುತ್ತದೆ. ಗದ್ದ ಒದ್ದೆಯಾಗಿರುವುದು, ಒಂದು ಕಣ್ಣಲ್ಲಿ ಸದಾ ನೀರು, ಗಟ್ಟಿ ಮೇವು ಬಿಟ್ಟು ಮೆತ್ತಗಿನದನ್ನೇ ಆರಿಸುವುದು, ಹಿಕ್ಕೆ ಚಿಕ್ಕದಾಗುವುದು, ಇವು ಅದರ ಗುರುತುಗಳು. ಕಣ್ಣಿಗೂ ಹಲ್ಲಿಗೂ ಏನು ಸಂಬಂಧ ಎಂದು ಕೇಳಬಹುದು. ಮೇಲಿನ ಹಲ್ಲಿನ ಬುಡ ಮೇಲಕ್ಕೆ ಒತ್ತಿದಾಗ ಕಣ್ಣೀರು ಮೂಗಿಗೆ ಇಳಿಯುವ ನಾಳ ಮುಚ್ಚಿಹೋಗುತ್ತದೆ.

ಗೂಡಿನಲ್ಲಿ ಒಂದು ಮರದ ತುಂಡು ಇಟ್ಟರೆ ಸಾಕು, ಕಡಿದು ಕಡಿದು ಹಲ್ಲು ಸವೆಸಿಕೊಳ್ಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅರ್ಧ ಮಾತ್ರ ನಿಜ. ಮರ ಕಡಿಯುವುದು ಮುಂದಿನ ಹಲ್ಲಿನ ಕೆಲಸ. ದವಡೆ ಹಲ್ಲು ಸವೆಯಬೇಕಾದರೆ ದವಡೆ ಬೀಸುಕಲ್ಲಿನಂತೆ ಅಡ್ಡಡ್ಡ ತಿರುಗಬೇಕು. ಉದ್ದನೆಯ ಹುಲ್ಲನ್ನು ಅಗಿಯುವಾಗ ಮಾತ್ರ ಅದು ಹಾಗೆ ತಿರುಗುತ್ತದೆ, ಹುಲ್ಲಿನಲ್ಲಿರುವ ಸಿಲಿಕ ಎಂಬ ಮರಳಿನ ಅಂಶ ಅರದಂತೆ ಉಜ್ಜುತ್ತದೆ. ಬೂಸ, ತೌಡು, ಕಾಳು, ಪೆಲೆಟ್ ತಿಂಡಿ ಇವನ್ನು ಮೊಲ ಮೇಲೆ ಕೆಳಗೆ ಕುಟ್ಟಿ ಪುಡಿ ಮಾಡಿ ಎರಡೇ ನಿಮಿಷದಲ್ಲಿ ನುಂಗುತ್ತದೆ. ಹೊಟ್ಟೆ ತುಂಬಿತು, ಹಲ್ಲಿಗೆ ಕೆಲಸವಾಗಲಿಲ್ಲ. ಮೈ ಬೇಗ ತುಂಬಲೆಂದು ತಿಂಡಿಯನ್ನೇ ಸುರಿಯುವವರ ಗೂಡಿನಲ್ಲಿ ಹಲ್ಲಿನ ಕಾಯಿಲೆಗೆ ದಾರಿ ಮಾಡಿಕೊಟ್ಟಂತೆ. ಮೇವಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹುಲ್ಲೇ ಇರಬೇಕು. ಗರಿಕೆ, ತಮಿಳಿನಲ್ಲಿ ಅರುಗಂಪುಲ್ ಎನ್ನುತ್ತೇವಲ್ಲ, ಅದು ಬಹಳ ಒಳ್ಳೆಯದು. ಕಂಬಂ ಕಣಿವೆಯ ಭತ್ತದ ಹುಲ್ಲಿನಲ್ಲಿ ನಾರಿದೆ, ಸತ್ವ ಕಡಿಮೆ. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದ ಅಂಶ ಹೆಚ್ಚು. ಬೆಳೆಯುವ ಮರಿಗೆ, ಹಾಲೂಡುವ ತಾಯಿಗೆ ಸರಿ. ದೊಡ್ಡ ಮೊಲಕ್ಕೆ ದಿನವೂ ಅದನ್ನೇ ಹಾಕಿದರೆ ಮೂತ್ರ ಸುಣ್ಣದ ನೀರಿನಂತೆ ಗಟ್ಟಿಯಾಗುತ್ತದೆ.

ಇನ್ನು ಹಲ್ಲು ಕೆಟ್ಟ ಮೊಲಕ್ಕೆ ಏನು ಕೊಡುವುದು? ಒಂದು ವಿಷಯ ಮೊದಲೇ ಗಟ್ಟಿಯಾಗಿ ಹೇಳಬೇಕು. ಮೊಲ ಉಪವಾಸ ತಡೆಯದು. ದನ ಒಂದು ದಿನ ಮೇವು ಬಿಟ್ಟರೆ ನಾಳೆ ನೋಡೋಣ ಎನ್ನಬಹುದು. ಮೊಲದ ಕರುಳು ಸದಾ ಚಲಿಸುತ್ತಿರಬೇಕು. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಕೂತರೆ ಅದು ತುರ್ತು ಸ್ಥಿತಿ.

ಬಾಯಿ ಸ್ವಲ್ಪ ಆಡುತ್ತಿದ್ದರೆ ಎಳೆಯ ಗರಿಕೆಯನ್ನು ಕತ್ತರಿಯಿಂದ ಒಂದು ಬೆರಳಗಲಕ್ಕಿಂತ ಚಿಕ್ಕದಾಗಿ ಕತ್ತರಿಸಿ ಕೊಡಿ. ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು, ಕ್ಯಾರೆಟ್ಟಿನ ಸೊಪ್ಪನ್ನೂ ಹಾಗೆಯೇ ಹೆಚ್ಚಿ ಬೆರೆಸಬಹುದು. ಕ್ಯಾರೆಟ್ ಗಡ್ಡೆ ಸಿಹಿ, ತುರಿದು ಒಂದು ಚಿಟಿಕೆ ರುಚಿಗೆ ಸಾಕು. ಬಾಯಿ ತೀರ ನೋಯುತ್ತಿದ್ದರೆ ಗಂಜಿ ಮಾಡಬೇಕು. ಒಂದು ಪಾಲು ಪೆಲೆಟ್ ತಿಂಡಿಗೆ ಎರಡು ಪಾಲು ಉಗುರು ಬೆಚ್ಚಗಿನ ನೀರು ಹಾಕಿ ನೆನೆಸಿ, ಒಣಹುಲ್ಲನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿದು ಅದಕ್ಕೆ ಕಲಸಿ. ಅಕ್ಕಿ ಗಂಜಿ, ರಾಗಿ ಗಂಜಿ, ಬಿಸ್ಕತ್ತು, ಹಾಲು ಬೇಡವೇ ಬೇಡ. ಪ್ರೀತಿಯಿಂದ ಕೊಡುತ್ತೇವೆ, ನಿಜ. ಆದರೆ ಆ ಹಿಟ್ಟು, ಸಕ್ಕರೆ ಕರುಳಿನಲ್ಲಿ ಹುಳಿತು ಹೊಟ್ಟೆ ಉಬ್ಬಿಸುತ್ತದೆ.

ತಾನಾಗಿ ನೆಕ್ಕದಿದ್ದರೆ ಸೂಜಿ ತೆಗೆದ ಸಿರಿಂಜಿನಿಂದ ಕುಡಿಸಬೇಕು. ಮೊಲವನ್ನು ಅಂಗಾತ ಮಲಗಿಸಬೇಡಿ, ಗಂಜಿ ಶ್ವಾಸಕೋಶಕ್ಕೆ ಇಳಿದೀತು. ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿಕೊಂಡು, ಬಾಚಿಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಇರುವ ಖಾಲಿ ಜಾಗದಲ್ಲಿ ಪಕ್ಕದಿಂದ ಸಿರಿಂಜಿನ ತುದಿ ಇಟ್ಟು, ಒಂದು ಸಲಕ್ಕೆ ಒಂದೇ ಮಿಲಿಲೀಟರ್ ಬಿಡಿ. ನುಂಗಿದ ಮೇಲೆ ಇನ್ನೊಂದು. ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ ಸುಮಾರು 50 ಮಿ.ಲೀ. ಬೇಕು. ಮೂರು ಕಿಲೋ ಮೊಲಕ್ಕೆ 150 ಆಯಿತು, ಅದನ್ನು ಐದು ಹೊತ್ತಿಗೆ ಹಂಚಿ. ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ ಏನನ್ನೂ ಬಲವಂತವಾಗಿ ಕುಡಿಸದೆ ವೈದ್ಯರ ಬಳಿಗೆ ಒಯ್ಯಿರಿ. ನೀರನ್ನು ನಳಿಕೆಯ ಬದಲು ಅಗಲವಾದ ಬಟ್ಟಲಲ್ಲಿ ಇಡಿ. ಗದ್ದವನ್ನೂ ಬಾಲದ ಕೆಳಗನ್ನೂ ದಿನವೂ ಒಣಬಟ್ಟೆಯಿಂದ ಒರೆಸಿ, ಒದ್ದೆ ಇದ್ದಲ್ಲಿ ನೊಣ ಮೊಟ್ಟೆ ಇಡುತ್ತದೆ. ಏಲಕ್ಕಿ ತೂಗುವ ತಕ್ಕಡಿ ಇಲ್ಲಿ ಯಾರ ಮನೆಯಲ್ಲಿಲ್ಲ? ಮೇಲೆ ಗೋಣಿ ಹಾಸಿ ಮೊಲವನ್ನೂ ದಿನಕ್ಕೊಮ್ಮೆ ತೂಗಿ ಬರೆದಿಡಿ. ತುಪ್ಪಳದ ಪ್ರಾಣಿ ಸೊರಗುವುದು ಕಣ್ಣಿಗೆ ತಡವಾಗಿ ಕಾಣುತ್ತದೆ, ತಕ್ಕಡಿಗೆ ಬೇಗ ಕಾಣುತ್ತದೆ.

ಗಂಜಿ ಜೀವ ಹಿಡಿದಿಡುತ್ತದೆ, ಹಲ್ಲನ್ನು ಸರಿಮಾಡುವುದಿಲ್ಲ. ಉಗುರು ಕತ್ತರಿಯಿಂದ ಮನೆಯಲ್ಲೇ ಹಲ್ಲು ಕತ್ತರಿಸುವವರಿದ್ದಾರೆ. ಹಲ್ಲು ಉದ್ದಕ್ಕೆ ಸೀಳಿ ಬುಡದಲ್ಲಿ ಕೀವಾಗಬಹುದು, ದಯವಿಟ್ಟು ಬೇಡ. ಪಶುವೈದ್ಯರು ತಿರುಗುವ ಅರದಿಂದ ನೋವಾಗದಂತೆ ಸವೆಸುತ್ತಾರೆ. ಬಾಚಿಹಲ್ಲಾದರೆ ನಾಲ್ಕಾರು ವಾರಕ್ಕೊಮ್ಮೆ ಅದೇ ಕೆಲಸ. ಬೇಸರವಾದರೆ ಬಾಚಿಹಲ್ಲು ಕೀಳಿಸಲೂಬಹುದು, ಹೆಚ್ಚಿದ ಮೇವನ್ನು ಮೊಲ ತುಟಿಯಿಂದಲೇ ಎತ್ತಿಕೊಂಡು ಬದುಕುತ್ತದೆ. ದವಡೆ ಹಲ್ಲಿಗೆ ಅರಿವಳಿಕೆ ಬೇಕು. ಮೊಲಕ್ಕೆ ವಾಂತಿ ಬರುವುದಿಲ್ಲವಾದ್ದರಿಂದ ಅದಕ್ಕಾಗಿ ರಾತ್ರಿಯೆಲ್ಲ ಉಪವಾಸ ಹಾಕುವ ಅಗತ್ಯವಿಲ್ಲ. ಮನೆಯ ಮಕ್ಕಳಿಗೆ ತಂದ ಅಮಾಕ್ಸಿಸಿಲಿನ್‌ನಂಥ ಔಷಧಿಯನ್ನು ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಜೀವಾಣುಗಳು ಸತ್ತು ಮೊಲವೇ ಸಾಯಬಹುದು.

ತೇನಿಯಲ್ಲಿ 2020ರಲ್ಲಿ ಪಶುವೈದ್ಯ ಕಾಲೇಜು ಆರಂಭವಾದ ಮೇಲೆ ಬೆಟ್ಟದವರಿಗೂ ದೂರ ಕಡಿಮೆಯಾಗಿದೆ. ಆದರೆ ಬೋಡಿಮೆಟ್ಟಿನಿಂದ 17 ಕೊಂಡೆ ತಿರುವು ಇಳಿಯಬೇಕು, ಕೆಳಗೆ ಬೋಡಿಯಲ್ಲಿ ಸೆಕೆ. 30 ಡಿಗ್ರಿ ದಾಟಿದರೆ ಮೊಲ ಏದುಸಿರು ಬಿಡುತ್ತದೆ. ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ಬುಟ್ಟಿಯಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆ, ಒಂದು ಹಿಡಿ ಹುಲ್ಲು ಇರಲಿ. ಪಟ್ಟಣದಲ್ಲಿ ನಿಜವಾದ ಚಿಂಚಿಲ್ಲ ಸಾಕುವ ನೆಂಟರಿದ್ದರೆ ಅವರಿಗೂ ಹೇಳಿ. ಅದಕ್ಕೆ 20 ಹಲ್ಲು, 25 ಡಿಗ್ರಿ ದಾಟಿದರೆ ಕಷ್ಟ. ಒಣಹುಲ್ಲೇ ಮುಖ್ಯ ಆಹಾರ, ಹಸಿ ಸೊಪ್ಪು ಮೊಲಕ್ಕಿಂತ ಬಹಳ ಕಡಿಮೆ, ಒಣದ್ರಾಕ್ಷಿಯ ಅಭ್ಯಾಸ ಬೇಡ.

ನಮ್ಮ ಬೆಟ್ಟದಲ್ಲಿ ಎರಡು ಎಚ್ಚರಿಕೆ ಬೇಕು. ಏಲಕ್ಕಿ ತೋಟದಲ್ಲಿ ಔಷಧಿ ಹೊಡೆಯುವುದು ಹೆಚ್ಚು, ಗಿಡದ ಬುಡದ ಹುಲ್ಲನ್ನು ಮೊಲಕ್ಕೆ ಕೊಯ್ಯಬೇಡಿ. ಮಂಜಿನಲ್ಲಿ ಹುಲ್ಲು ಒಣಗದೆ ಬೂಷ್ಟು ಹಿಡಿಯುತ್ತದೆ, ಕೆಳಗಿನ ಊರಿನಲ್ಲಿ ನೆರಳಲ್ಲಿ ಒಣಗಿಸಿ ತರುವುದು ಲೇಸು.

ಮರಿ ಕೊಳ್ಳುವಾಗ ತುಟಿ ಎತ್ತಿ ನೋಡಿ. ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ ಕೊಂಚ ಮುಂದೆ ಕೂತಿರಬೇಕು. ತಂತಿ ಎಳೆದು ಪೆಟ್ಟಾದ ಹಲ್ಲು ಬೇರೆ ಮಾತು. ಆದರೆ ಎಳೆ ಮರಿಯಲ್ಲೇ ಕೆಳದವಡೆ ಮುಂದೆ ಬಂದಿದ್ದರೆ ಅದು ಬಹುಮಟ್ಟಿಗೆ ವಂಶದಿಂದ ಬಂದದ್ದು, ತಾಯಿ ತಂದೆ ನೋಡಲು ಚೆನ್ನಾಗಿದ್ದರೂ ದೋಷವನ್ನು ಇಬ್ಬರೂ ಹೊತ್ತಿರುತ್ತಾರೆ. ಅಂಥ ಮರಿಯನ್ನು ಪ್ರೀತಿಯಿಂದ ಸಾಕಿಕೊಳ್ಳಿ, ತಳಿಗೆ ಬಿಡಬೇಡಿ. ಅದೇ ಜೋಡಿಯನ್ನು ಮತ್ತೆ ಕೂಡಿಸಲೂ ಬೇಡಿ.