ಹೊಸ ವಿದ್ಯಾರ್ಥಿಗೆ ಹಿರಿಯ ವಿದ್ಯಾರ್ಥಿಯ ನೆರವು

ಪ್ರತಿ ವರ್ಷವೂ ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಕಾಲೇಜುಗಳಿಗೆ ಹೊಸ ವಿದ್ಯಾರ್ಥಿಗಳು ಬಂದು ಸೇರುತ್ತಾರೆ. ಬೇಗೂರು, ತೆರಕಣಾಂಬಿ, ಹಂಗಳ, ಸಂತೇಮರಹಳ್ಳಿ ಮುಂತಾದ ಕಡೆಗಳಿಂದ ಬೆಳಗಿನ ಬಸ್ಸನ್ನು ಹಿಡಿದು ಬರುವ ಈ ಮಕ್ಕಳಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ಮೊದಲಿಗರು. ಅರಿಸಿನ, ಬಾಳೆಗಳ ಬೇಸಾಯದಲ್ಲಿ ಕೈ ಪಳಗಿದ ತಂದೆಗೆ ಕಾಲೇಜಿನ ಕಟ್ಟುಕಟ್ಟಳೆಗಳು ತಿಳಿಯವು; ಅಧ್ಯಾಪಕರನ್ನು ಕೇಳಲು ಮಗನಿಗೆ ಸಂಕೋಚ. ಇಂತಹ ಸಮಯದಲ್ಲಿ, ಅವನಿಗಿಂತ ಒಂದೆರಡು ವರ್ಷ ಮುಂದಿರುವ ವಿದ್ಯಾರ್ಥಿಯು ಮಾಡಬಹುದಾದ ಉಪಕಾರವನ್ನು ಕುರಿತು ಗೃಹಸ್ಥರಾದ ನಮ್ಮ ವಾಚಕರ ಮುಂದೆ ನಾಲ್ಕು ಮಾತುಗಳನ್ನಿಡಲು ಬಯಸುತ್ತೇವೆ.

ಈ ಉಪಕಾರವು ನಮ್ಮ ಸೀಮೆಗೆ ಹೊಸದಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಕಾಲದಲ್ಲಿ, ಈ ಊರುಗಳ ಹುಡುಗರು ಮೇಲಿನ ವ್ಯಾಸಂಗಕ್ಕಾಗಿ ಸುಮಾರು 60 ಕಿಲೋಮೀಟರು ದೂರದ ಮೈಸೂರಿಗೆ ಹೋಗಬೇಕಾಗಿದ್ದಿತು. ಬಡ ವಿದ್ಯಾರ್ಥಿಗಳು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ವಾರಾನ್ನವನ್ನುಂಡು ಓದುತ್ತಿದ್ದುದುಂಟು. ಆ ಪದ್ಧತಿಗೆ ಜಾತಿಯ ಮೇರೆಯಿದ್ದುದು ನಿಜ. ಆದರೂ ಅನ್ನವಿಕ್ಕುವ ಮನೆಯನ್ನು ತೋರಿಸುವುದು, ಕೊಠಡಿಯಲ್ಲಿ ಜಾಗ ಕೊಡುವುದು, ತಾನು ಓದಿ ಮುಗಿಸಿದ ಪುಸ್ತಕವನ್ನು ಕಿರಿಯನಿಗೆ ದಾಟಿಸುವುದು—ಇವೆಲ್ಲ ಮೊದಲು ಹೋದವರಿಂದ ಆಗಬೇಕಾದ ಕೆಲಸಗಳಾಗಿದ್ದುವು.

1997ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾಯಿತು. 2016ರಲ್ಲಿ ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಆರಂಭವಾಯಿತು. ವಿದ್ಯೆಯು ಮನೆಯ ಹತ್ತಿರಕ್ಕೆ ಬಂದುದು ಸಂತೋಷದ ವಿಷಯವೇ ಸರಿ. ಆದರೆ ಬೆಳಗ್ಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುವ ವಿದ್ಯಾರ್ಥಿಗೆ ಹಿರಿಯರೊಡನೆ ಕೂಡಿ ಬಾಳುವ ಅವಕಾಶವು ಕಡಮೆ. ಆದುದರಿಂದ ಹಿಂದೆ ತಾನಾಗಿ ನಡೆಯುತ್ತಿದ್ದುದನ್ನು ಈಗ ಮನಸ್ಸಿಟ್ಟು ಏರ್ಪಡಿಸಬೇಕಾಗಿದೆ.

ಹೊಸಬನ ಕಷ್ಟಗಳು ಯಾವುವು? ಕನ್ನಡದಲ್ಲಿ ಓದಿ ಬಂದವನಿಗೆ ವಿಜ್ಞಾನ, ವಾಣಿಜ್ಯಗಳ ಪಾಠವು ಇಂಗ್ಲಿಷಿನಲ್ಲಿ ಸಾಗಿದಾಗ, ತಾನು ದಡ್ಡನೆಂಬ ಭ್ರಾಂತಿಯು ಮೊದಲ ವಾರಗಳಲ್ಲಿಯೇ ಹುಟ್ಟುತ್ತದೆ. ಹಾಜರಿಯು ನೂರಕ್ಕೆ 75ಕ್ಕಿಂತ ಕಡಮೆಯಾದರೆ ಪರೀಕ್ಷೆಗೆ ಕೂಡಲು ತೊಡಕೆಂಬುದು, ಕೊಯ್ಲಿನ ಕಾಲದಲ್ಲಿ ಹೊಲದ ಕೆಲಸಕ್ಕೆ ನಿಂತವನಿಗೆ ತಡವಾಗಿ ತಿಳಿಯುತ್ತದೆ. ವಿದ್ಯಾರ್ಥಿವೇತನದ ಅರ್ಜಿಯನ್ನು ಗಣಕಯಂತ್ರದ ಮೂಲಕ ಸಲ್ಲಿಸಬೇಕು. ಬ್ಯಾಂಕಿನ ಖಾತೆಗೆ ಆಧಾರ್ ಸಂಖ್ಯೆಯು ಜೋಡಣೆಯಾಗದಿದ್ದರೆ ಮಂಜೂರಾದ ಹಣವೂ ಕೈಸೇರದೆ ಹೋಗಬಹುದು. ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಂದ ಇಳಿದು ಬರುವ ಸೋಲಿಗರ ಮಕ್ಕಳಿಗಂತೂ ಪಟ್ಟಣದ ನಡೆನುಡಿಯೇ ಬೇರೆಯಾಗಿ ತೋರುವುದು. ಇಂತಹ ಸಣ್ಣ ತೊಡಕುಗಳು ಒಂದರ ಮೇಲೊಂದು ಬಿದ್ದು, ಬುದ್ಧಿವಂತನಾದ ಹುಡುಗನೂ ಸದ್ದಿಲ್ಲದೆ ಓದನ್ನು ಬಿಟ್ಟು ಮನೆಯಲ್ಲಿ ಉಳಿದುಬಿಡುವ ಅಪಾಯವುಂಟು.

ಹಿರಿಯರಿಂದ ಉಪಕಾರದ ಬದಲು ಪೀಡೆಯೇ ಒದಗುವುದೂ ಉಂಟು. ರ‍್ಯಾಗಿಂಗ್ ಎಂಬ ಈ ದುರಾಚಾರವನ್ನು ತಡೆಯಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ ನಿಯಮಗಳನ್ನು ಹೊರಡಿಸಿತು. ಅವುಗಳಲ್ಲಿ ಶಿಕ್ಷೆಯ ಮಾತಿನ ಜೊತೆಗೆ ಇನ್ನೊಂದು ಒಳ್ಳೆಯ ಮಾತೂ ಇದೆ: ತಾವಾಗಿ ಮುಂದೆ ಬಂದ ಹಿರಿಯ ವಿದ್ಯಾರ್ಥಿಗಳಲ್ಲಿ ಒಬ್ಬೊಬ್ಬರು ಆರಾರು ಮಂದಿ ಹೊಸಬರಿಗೆ ಮಾರ್ಗದರ್ಶಕರಾಗಿರಬೇಕು, ಅಂತಹ ಆರು ಮಂದಿ ಮಾರ್ಗದರ್ಶಕರಿಗೆ ಅವರಿಗಿಂತ ಮೇಲಿನ ತರಗತಿಯ ಒಬ್ಬನು ಇರಬೇಕು. ಈ ಲೆಕ್ಕವು ನಮಗೆ ಬಹಳ ಹಿಡಿಸಿದೆ. ಆರು ಮಂದಿಯ ಹೆಸರು, ಊರು, ಬಸ್ಸಿನ ವೇಳೆಗಳನ್ನು ಯಾರಾದರೂ ನೆನಪಿಟ್ಟುಕೊಳ್ಳಬಲ್ಲರು. ಅವರಲ್ಲೊಬ್ಬನು ಮೂರು ದಿನ ಬಾರದಿದ್ದರೆ ಒಡನೆಯೇ ಗಮನಕ್ಕೆ ಬರುತ್ತದೆ.

ಮಾರ್ಗದರ್ಶಕನಾಗುವವನು ಕೆಲವು ಮೇರೆಗಳನ್ನು ಅರಿತಿರಬೇಕು. ಕಿರಿಯನಿಂದ ಹಣವನ್ನಾಗಲಿ ಸೇವೆಯನ್ನಾಗಲಿ ಪಡೆಯಕೂಡದು. ಅರ್ಜಿಯನ್ನು ತಾನೇ ತುಂಬಿಕೊಡದೆ, ಪಕ್ಕದಲ್ಲಿ ಕುಳಿತು ಅವನ ಕೈಯಿಂದಲೇ ತುಂಬಿಸಬೇಕು; ಹಾಗಾದರೆ ಬರುವ ವರ್ಷ ಅವನು ಇನ್ನೊಬ್ಬನಿಗೆ ತೋರಿಸಿಕೊಡಬಲ್ಲನು. ತನ್ನ ಹಳೆಯ ಟಿಪ್ಪಣಿಗಳನ್ನು ಕೊಡಲಿ. ಆದರೆ ಪಾಠಕ್ಕೆ ಹೋಗಬೇಕಾಗಿಲ್ಲವೆಂಬ ಬುದ್ಧಿವಾದವನ್ನು ಮಾತ್ರ ಹೇಳದಿರಲಿ. ಹುಡುಗಿಯರಿಗೆ ಹಿರಿಯ ವಿದ್ಯಾರ್ಥಿನಿಯರು ಜೊತೆಯಾದರೆ ಮನಬಿಚ್ಚಿ ಮಾತನಾಡಲು ಅನುಕೂಲ. ಪೀಡೆ, ಕಾಯಿಲೆ, ತೀವ್ರವಾದ ಮನೋವ್ಯಥೆ ಇವು ಕಂಡುಬಂದಲ್ಲಿ ಗುಟ್ಟಾಗಿಡದೆ ಅಧ್ಯಾಪಕರಿಗೂ ಮನೆಯವರಿಗೂ ತಿಳಿಸುವುದೇ ಧರ್ಮ. ರ‍್ಯಾಗಿಂಗಿನ ದೂರಿಗಾಗಿ 1800-180-5522 ಎಂಬ ಉಚಿತ ದೂರವಾಣಿಯೂ ಉಂಟು.

ಗೃಹಸ್ಥರು ಮಾಡಬಹುದಾದುದೂ ಅಲ್ಪವಲ್ಲ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಎರಡನೆಯ ಅಥವಾ ಮೂರನೆಯ ವರ್ಷದಲ್ಲಿದ್ದರೆ, ಅಂಕಗಳನ್ನು ವಿಚಾರಿಸುವಾಗ, “ಈ ವರ್ಷ ನಮ್ಮ ಕಡೆಯಿಂದ ಹೊಸದಾಗಿ ಸೇರಿದವರು ಯಾರು? ಅವರನ್ನು ಮಾತನಾಡಿಸಿದೆಯಾ?” ಎಂದೂ ಕೇಳಿರಿ. ಹಾಗೆ ಮಾತನಾಡಿಸಿದವರನ್ನು ಒಂದು ಭಾನುವಾರ ಊಟಕ್ಕೆ ಕರೆಯಿರಿ. ಜಾತಿ, ಊರುಗಳನ್ನೆಣಿಸದೆ ಕರೆಯಿರಿ. ವಾರಾನ್ನದ ಕಾಲವು ಕಳೆದುಹೋಯಿತು. ಆದರೆ ಹೊಸ ಊರಿನಲ್ಲಿ ತನ್ನನ್ನು ಹೆಸರು ಹಿಡಿದು ಕರೆಯುವವರು ಒಬ್ಬರಾದರೂ ಇರಲೆಂದು ಬಯಸುವ ಹುಡುಗನು ಇಂದಿಗೂ ಆ ಬಸ್ಸಿನಲ್ಲಿ ಬರುತ್ತಲೇ ಇದ್ದಾನೆ.